ಮಸಿ, ಕೇಪು, ಗಜ

ಹೋದ ವರ್ಷ ಸೆಪ್ಟೆಂಬರ್ ಮೊದಲ ವಾರ ನನಗೊಂದು ಕೆಲಸ ಬಂತು. ಇಂಗ್ಲಿಷಿನಿಂದ ಕನ್ನಡಕ್ಕೆ, 4,200 ಪದ, ಆರು ದಿನದ ಗಡುವು, ಪದಕ್ಕೆ ಒಂದೂವರೆ ರೂಪಾಯಿ. ಪುಣೆಯಲ್ಲಿ ಕೂತು ಹತ್ತು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ವಾಷಿಂಗ್ ಮಷೀನಿನ ಕೈಪಿಡಿ, ವಿಮೆಯ ಷರತ್ತು, ಮಧುಮೇಹದವರು ಪಾದ ನೋಡಿಕೊಳ್ಳುವ ಬಗೆ, ಏನು ಬಂದರೂ ಆಗುತ್ತದೆ. ಈಚೆಗೆ ಯಾರು ಓದುತ್ತಾರೆಂದೇ ಗೊತ್ತಾಗದ ಬಿಡಿ ಲೇಖನಗಳೂ ಬರುತ್ತವೆ. ಮನುಷ್ಯರಿಗಿಂತ ಯಂತ್ರಗಳೇ ಅವನ್ನು ಹೆಚ್ಚು ಓದುತ್ತವೆ ಅನ್ನುವುದು ನನ್ನ ಗುಮಾನಿ. ಕೇಳಲು ಹೋಗುವುದಿಲ್ಲ.

ಫೈಲು ತೆಗೆದರೆ ವಿಷಯ ಅಳಿಲು ಬೇಟೆ. ಅಮೆರಿಕದ ಒಬ್ಬ ಮನುಷ್ಯ ಹಳೇ ಕಾಲದ, ಬಾಯಿಂದ ಮದ್ದು ತುಂಬುವ ಬಂದೂಕು ಹಿಡಿದು, ಎಲೆ ಇನ್ನೂ ಉದುರದ ಕಾಡಿಗೆ ಬೆಳಗಿನ ಜಾವ ಹೋಗುತ್ತಾನೆ. ಅಷ್ಟೇ ಕಥೆ.

ಬೇಡ ಎಂದು ಬರೆಯಲು ಹೊರಟಿದ್ದೆ. ನಮ್ಮ ಭಾಷೆಯಲ್ಲಿ ಅಳಿಲಿನ ಪಕ್ಕ ಬರುವ ಮೊದಲ ಪದ ಬೇಟೆಯಲ್ಲ, ಸೇವೆ. ಯಾರಾದರೂ ನೂರು ರೂಪಾಯಿ ದೇಣಿಗೆ ಕೊಟ್ಟರೂ 'ನಮ್ಮದೊಂದು ಅಳಿಲು ಸೇವೆ' ಅನ್ನುತ್ತೇವೆ. ಸೇತುವೆಗೆ ಮರಳು ಹೊತ್ತ ಪ್ರಾಣಿ ಅದು, ಬೆನ್ನ ಮೇಲಿನ ಮೂರು ಗೆರೆ ರಾಮನ ಬೆರಳಿನದು. ಅದಕ್ಕೆ ಗುರಿ ಇಡುವವನ ಮಾತನ್ನು ಕನ್ನಡದಲ್ಲಿ ಯಾರ ಬಾಯಲ್ಲಿ ಹೇಳಿಸುವುದು?

ಬೇಡ ಅನ್ನಲು ಇನ್ನೂ ಒಂದು ಕಾರಣವಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಆ ತಿಂಗಳು ಬೇರೆ ಕೆಲಸ ಇರಲಿಲ್ಲ, ಒಪ್ಪಿಕೊಂಡೆ.

*

ಮೊದಲು ಆ ಮನುಷ್ಯನ ಕಾಡಿನ ಬಗ್ಗೆ ಹೇಳಬೇಕು. ಅದು ಹಿಕ್ಕರಿ ಮತ್ತು ಓಕ್ ಮರಗಳ ಕಾಡು. ಹಿಕ್ಕರಿ ಎಂದರೆ ನಮ್ಮ ಅಕ್ರೋಟಿನ ದಾಯಾದಿ, ಒಂದೇ ಕುಟುಂಬದ್ದು. ಅದರ ಕಾಯಿಗೆ ಹೊರಗೆ ಹಸಿರು ಸಿಪ್ಪೆ, ಒಳಗೆ ಕಲ್ಲಿನಂಥ ಚಿಪ್ಪು, ಅದರೊಳಗೆ ಎಣ್ಣೆ ಸೂಸುವ ತಿರುಳು. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕಾಯಿ ಬಲಿಯುತ್ತಿದ್ದ ಹಾಗೆ ಬೂದು ಅಳಿಲುಗಳು ಮರದ ತುದಿಗೆ ಸೇರುತ್ತವೆ. ಎಲೆ ದಟ್ಟವಾಗಿರುವುದರಿಂದ ಕೆಳಗೆ ನಿಂತವನಿಗೆ ಅವು ಕಾಣುವುದಿಲ್ಲ, ಕೇಳುತ್ತವೆ. ಹಲ್ಲಿನಿಂದ ಚಿಪ್ಪು ಕೆರೆಯುವ ಸದ್ದು, ಕೊರೆದ ಚೂರುಗಳು ಎಲೆಯಿಂದ ಎಲೆಗೆ ತಟತಟ ಬೀಳುವ ಸದ್ದು. ಮಳೆ ನಿಂತ ಮೇಲೆ ಮರ ಹನಿಯುವಂತೆ ಇರುತ್ತದಂತೆ. ಶುರುವಿನ ಶರತ್ಕಾಲದ ಬೇಟೆ ಪೂರ್ತಿ ಕಿವಿಯ ಬೇಟೆ. ಎಲೆ ಉದುರಿದ ಮೇಲೆ ಅದು ಕಣ್ಣಿನ ಬೇಟೆಯಾಗುತ್ತದೆ.

ಇನ್ನು ಬಂದೂಕು. ಅವನ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಉದ್ದ ರೈಫಲ್. ಹೆಸರು ಕೆಂಟಕಿಯದಾದರೂ ಇದು ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, 18ನೇ ಶತಮಾನದಲ್ಲಿ, ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಕುಶಲಕರ್ಮಿಗಳ ಕುಲುಮೆಗಳಲ್ಲಿ. ಊರಿಂದ ತಂದ ಗಿಡ್ಡ, ದಪ್ಪ ಬಂದೂಕನ್ನು ಅವರು ಇಲ್ಲಿನ ಕಾಡಿಗೆ ತಕ್ಕಂತೆ ಉದ್ದ ಮಾಡಿದರು, ನಳಿಗೆಯ ಬಾಯಿ ಸಣ್ಣದು ಮಾಡಿದರು. ಬಾಯಿ ಸಣ್ಣದಾದರೆ ಗುಂಡು ಸಣ್ಣದು, ಸೀಸ ಕಡಿಮೆ, ಮದ್ದು ಕಡಿಮೆ. ಅಳಿಲಿಗೆ ಬಳಸುವ .32 ಅಳತೆಯದರಲ್ಲಿ ಗುಂಡು ಬಟಾಣಿ ಕಾಳಿನಷ್ಟಿದ್ದು ಮೂರು ಗ್ರಾಂ ತೂಗುತ್ತದೆ. ಅದನ್ನು ಎಣ್ಣೆ ಹಚ್ಚಿದ ಬಟ್ಟೆ ತುಂಡಿನಲ್ಲಿ ಸುತ್ತಿ ನಳಿಗೆಗೆ ತುರುಕುತ್ತಾರೆ. ಬಟ್ಟೆ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಹಿಡಿದುಕೊಂಡು ಗುಂಡನ್ನು ತಿರುಗಿಸುತ್ತದೆ, ತಿರುಗಿದ ಗುಂಡು ನೇರ ಹೋಗುತ್ತದೆ.

ಒಂದು ಈಡಿಗೆ ಅರ್ಧ ನಿಮಿಷವಾದರೂ ಬೇಕು. ಕೊಂಬಿನಿಂದ ಮದ್ದು ಅಳೆದು ಸುರಿಯಬೇಕು, ಬಟ್ಟೆ ಗುಂಡು ಇಟ್ಟು ಸಲಾಕೆಯಿಂದ ದೂಡಬೇಕು, ಪಕ್ಕದ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಬೇಕು. ಬಿಲ್ಲು ಎಳೆದಾಗ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಕಿಡಿ ಬಟ್ಟಲಿನ ಮದ್ದಿಗೆ, ಅಲ್ಲಿಂದ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ. ಈ ಎರಡರ ನಡುವೆ ಕ್ಷಣದ ಒಂದು ಪಾಲು ಅಂತರವಿದೆ. ಆ ಹೊತ್ತು ಮುಖದ ಪಕ್ಕದಲ್ಲೇ ಬೆಂಕಿ ಭುಗ್ಗೆಂದರೂ ಅಲುಗಬಾರದು. ಈ ಬೇಟೆಯ ಕಷ್ಟವೆಲ್ಲ ಇರುವುದು ಆ ಅಂತರದಲ್ಲಿ.

ಬಟ್ಟಲಿನ ಮದ್ದು ಉರಿದು ಒಳಗಿನದು ಹತ್ತದಿದ್ದರೆ ಅದೇ 'ಫ್ಲ್ಯಾಶ್ ಇನ್ ದ ಪ್ಯಾನ್'. ಆರಂಭಶೂರರ ಬಗ್ಗೆ ಇಂಗ್ಲಿಷಿನವರು ಇವತ್ತಿಗೂ ಆಡುವ ಮಾತು. 'ಲಾಕ್, ಸ್ಟಾಕ್ ಅಂಡ್ ಬ್ಯಾರಲ್' ಎಂದರೆ ಬಂದೂಕಿನ ಮೂರು ಭಾಗ, ಅಂದರೆ ಇಡಿಯಾಗಿ. ಅವಸರಗೇಡಿಗೆ 'ಹಾಫ್ ಕಾಕ್ಡ್'. ಇಂಗ್ಲಿಷ್ ಆಫೀಸಿನ ಅರ್ಧ ಮಾತು ಇನ್ನೂ ಈ ಬಂದೂಕಿನಿಂದಲೇ ಹೊರಡುತ್ತಿದೆ.

ನನಗೆ ಹಿಡಿಸಿದ್ದು ಅವನ ಲೆಕ್ಕ. ಅಲ್ಲಿ ಬೇಟೆಗೆ ಪರವಾನಗಿ ಇದೆ, ಕಾಲ ಗೊತ್ತುಮಾಡಿದ್ದಾರೆ, ದಿನಕ್ಕೆ ಎಷ್ಟು ಎಂಬ ಮಿತಿ ಇದೆ. ಮೊದಲೆಲ್ಲ ಹೀಗಿರಲಿಲ್ಲ. ಒಹಾಯೊದಲ್ಲಿ 1807ರಲ್ಲಿ ತೆರಿಗೆ ಕಟ್ಟುವವರು ಜೊತೆಗೆ ಅಳಿಲಿನ ತಲೆಚರ್ಮಗಳನ್ನೂ ಒಪ್ಪಿಸಬೇಕೆಂದು ಕಾನೂನು ಮಾಡಿದ್ದರು, ಅಷ್ಟೊಂದು ಜೋಳ ತಿನ್ನುತ್ತಿದ್ದವು. ಬೆಳೆ ರಕ್ಷಣೆ! ಪಕ್ಷಿಚಿತ್ರಗಳ ಆಡುಬಾನ್ 1831ರ ಪುಸ್ತಕದಲ್ಲಿ ಒಂದು ಸಂಗತಿ ಬರೆದಿದ್ದಾನೆ. ಡೇನಿಯಲ್ ಬೂನ್ ಅಳಿಲಿಗೆ ಹೊಡೆಯದೆ, ಅದು ಕೂತ ತೊಗಟೆಗೆ ಹೊಡೆಯುತ್ತಿದ್ದನಂತೆ. ತೊಗಟೆ ಸಿಡಿದ ರಭಸಕ್ಕೆ ಅಳಿಲು ಗಾಯವಿಲ್ಲದೆ ಸತ್ತು ಬೀಳುತ್ತಿತ್ತಂತೆ. ಆಡುಬಾನ್ ಬೂನನನ್ನು ಕಂಡಿದ್ದೇ ಅನುಮಾನ ಅನ್ನುವವರಿದ್ದಾರೆ. ಶಿಕಾರಿ ಮಾತಿಗೆ ಅಷ್ಟು ಉಪ್ಪು ಖಾರ ಎಲ್ಲ ದೇಶದಲ್ಲೂ ಇರುತ್ತದೆ.

ನನ್ನ ಪಠ್ಯದ ಮನುಷ್ಯ ಆ ಬೆಳಿಗ್ಗೆ ಮೂರು ಸಲ ಗುರಿಯಿಟ್ಟ. ಒಂದು ಹುಸಿಯಾಯಿತು, ಒಂದು ತಪ್ಪಿತು, ಒಂದು ಬಿತ್ತು. ಸಂಜೆ ಮನೆಗೆ ಬಂದು ಮೊದಲು ಮಾಡಿದ ಕೆಲಸ ನೀರು ಕಾಯಿಸಿ ನಳಿಗೆ ತೊಳೆದದ್ದು. ಕರಿ ಮದ್ದಿನ ಕಿಟ್ಟ ಗಾಳಿಯ ತೇವ ಹೀರಿಕೊಂಡು ರಾತ್ರಿ ಬೆಳಗಾಗುವುದರೊಳಗೆ ಕಬ್ಬಿಣ ತಿನ್ನಲು ಶುರು ಮಾಡುತ್ತದೆ.

*

ಎರಡನೇ ದಿನವೇ ನನ್ನ ಪದಗಳು ಮುಗಿದವು.

ನಿಘಂಟುಗಳಲ್ಲಿ ಬಂದೂಕಿದೆ, ಮದ್ದುಗುಂಡಿದೆ. ಆದರೆ ಸಲಾಕೆ ಎಂದಾಗ ಓದುವವನಿಗೆ ಕಾಣುವುದು ಒಲೆ ಕೆದಕುವ ಕಡ್ಡಿ. ನಳಿಗೆಗೆ ತುರುಕುವ ಆ ಕೋಲಿಗೆ ಒಂದು ಹೆಸರಿತ್ತು, ನಾನು ಕೇಳಿದ್ದೆ, ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ನಾನು ಕೊಪ್ಪದ ಕಡೆಯವಳು. ನಮ್ಮ ಹಳೇ ಮನೆಯ ನಡುಮನೆ ಗೋಡೆಯಲ್ಲಿ ಒಂದು ಕೇಪಿನ ಕೋವಿ ತೂಗುತ್ತಿತ್ತು. ಅಜ್ಜನ ಹೆಸರಲ್ಲಿದ್ದು ಆಮೇಲೆ ದೊಡ್ಡಪ್ಪನ ಹೆಸರಿಗೆ ಬಂದದ್ದು, ಬೆಳೆ ರಕ್ಷಣೆಯ ಪರವಾನಗಿಯದ್ದು. ಪದ ಗೊತ್ತಿದ್ದದ್ದು ದೊಡ್ಡಪ್ಪನಿಗೆ ಮಾತ್ರ.

ದೊಡ್ಡಪ್ಪನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ತೋಟ ಪಾಲಾಯಿತು. ಪಾಲಿನಲ್ಲಿ ಆಗಬಾರದ್ದೆಲ್ಲ ಆಯಿತು. ನೀರಿನ ದಾರಿ ಯಾರಿಗೆ, ಒಂದೂವರೆ ಎಕರೆ ಹಕ್ಕಲು ಯಾರಿಗೆ ಎಂದು ಊರಿನ ನಾಲ್ಕು ಜನ ಕೂತಿದ್ದಾಗ, ಅಷ್ಟು ಜನರ ಎದುರು ನಾನು ದೊಡ್ಡಪ್ಪನಿಗೆ ಒಂದು ಮಾತು ಅಂದೆ. ಅದೂ ಆಮೇಲೆ.

ಮೂರು ಸಲ ನಂಬರು ತೆಗೆದು ಮೂರು ಸಲ ಇಟ್ಟೆ. ನಾಲ್ಕನೇ ಸಲ ರಿಂಗಾಯಿತು.

"ಯಾರು?"

"ನಾನು ದೊಡ್ಡಪ್ಪ, ಪುಣೆಯಿಂದ."

ಸ್ವಲ್ಪ ಹೊತ್ತು ಟಿವಿ ಸದ್ದಷ್ಟೇ ಕೇಳಿತು. ಅದನ್ನು ಸಣ್ಣ ಮಾಡಿದರು.

"ಅಮ್ಮ ಆರಾಮಿದಾಳಾ?"

"ಆರಾಮಿದಾರೆ. ಶಿವಮೊಗ್ಗದಲ್ಲೇ ತಮ್ಮನ ಮನೇಲಿ. ದೊಡ್ಡಪ್ಪ, ಒಂದು ಪದ ಬೇಕಿತ್ತು. ಕೋವಿಗೆ ಈಡು ತುಂಬುವಾಗ ದೂಡ್ತಾರಲ್ಲ, ಆ ಕೋಲು..."

"ಗಜ ಅಲ್ವೇನೆ ಮಾರಾಯ್ತಿ! ಗಜ ಗೊತ್ತಿಲ್ವಾ ನಿಂಗೆ? ಎಂಎ ಮಾಡಿ ಎಂತ ಕಲ್ತಿದ್ದು?"

ಡೆಕ್ಕನ್ ಕಾಲೇಜಿನಲ್ಲಿ ಎರಡು ವರ್ಷ ನಾನು ಕಲಿತದ್ದು ಭಾಷಾವಿಜ್ಞಾನ. ಅಲ್ಲಿ ಗಜ ಎಂದರೆ ಪಾರ್ಸಿಯಿಂದ ಬಂದ ಅಳತೆ, ಸಂಸ್ಕೃತದಿಂದ ಬಂದ ಆನೆ. ಕೋವಿಯ ಗಜ ನಮ್ಮ ಗೋಡೆಯಲ್ಲೇ ಇತ್ತು, ಪರೀಕ್ಷೆಗೆ ಬಂದಿರಲಿಲ್ಲ.

ಆ ಸಂಜೆ ನಲವತ್ತು ನಿಮಿಷ ಮಾತಾಡಿದೆವು. ಪಾಲಿನ ವಿಷಯ ಇಬ್ಬರೂ ಎತ್ತಲಿಲ್ಲ. ನಾನು ಇಂಗ್ಲಿಷ್ ಪದ ಬಿಟ್ಟು ಕೆಲಸ ವಿವರಿಸುತ್ತಿದ್ದೆ, ಅವರು ಹೆಸರು ಹೇಳುತ್ತಿದ್ದರು. ಕೋವಿಗೆ ಹಾಕುವ ಕರಿ ಪುಡಿ ಮಸಿ. ಸಣ್ಣ ಸೀಸದ ಕಾಳು ಚರೆ. ಮಸಿಯ ಮೇಲೆ, ಚರೆಯ ಮೇಲೆ ಗಟ್ಟಿ ಕೂರಲು ಹಾಕುವುದು ತೆಂಗಿನ ಕತ್ತ. ಮೇಲೆತ್ತಿ ಬಿಡುವುದು ಕುದುರೆ. ಬೆರಳಲ್ಲಿ ಎಳೆಯುವುದು ಬಿಲ್ಲು. ಕುದುರೆ ಬಡಿಯುವ ಮೊಲೆಯ ಮೇಲೆ ಟೋಪಿಯಂತೆ ಕೂರಿಸುವುದು ಕೇಪು. ಮರದ ಮೇಲೆ ಅಡಗಿ ಕಾಯುವುದು ಮರಸು.

"ಹಾಫ್ ಕಾಕ್ ಅಂತಿದೆ ದೊಡ್ಡಪ್ಪ. ಪೂರ್ತಿ ಏರಿಸದೆ ಅರ್ಧಕ್ಕೆ ನಿಲ್ಸೋದು."

"ಅರ್ಧ ಕುದುರೆ. ಅದ್ರಲ್ಲೆಂತ ಕಷ್ಟ? ಅರ್ಧ ಕುದುರೇಲಿಟ್ಕೊಂಡು ಗುಡ್ಡ ಹತ್ಬೇಕು. ಪೂರ್ತಿ ಏರಿಸಿ ನಡ್ದವ್ರು ಕಾಲು ಕಳ್ಕೊಂಡಿದಾರೆ."

ಅವರ ಕೋವಿಯಲ್ಲಿ ಚಕಮಕಿ ಕಲ್ಲಿಲ್ಲ, ಕೇಪಿದೆ. ಆ ಬದಲಾವಣೆಗೆ ಕಾರಣ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸಿತ್. ಬಟ್ಟಲಿನ ಬೆಂಕಿ ಕಂಡ ಕೂಡಲೇ ಹಕ್ಕಿಗಳು ಹಾರಿಹೋಗುತ್ತವೆ ಎಂದು ಬೇಸತ್ತು, ಬಡಿದರೆ ಹತ್ತುವ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದಲೇ ಮುಂದೆ ತಾಮ್ರದ ಕೇಪು ಬಂತು. ಕೇಪು, ಅಂದರೆ ಕ್ಯಾಪ್. ನಮ್ಮಲ್ಲಿ ಅದು ಎಷ್ಟು ನಮ್ಮದಾಗಿದೆಯೆಂದರೆ ದೊಡ್ಡಪ್ಪ ಅದನ್ನು ಇಂಗ್ಲಿಷ್ ಪದ ಎಂದರೆ ಒಪ್ಪಲಿಲ್ಲ.

ಫೋನಿಟ್ಟ ಮೇಲೆ ರಾತ್ರಿಯೆಲ್ಲ ಪದಗಳ ಹಿಂದೆ ಬಿದ್ದೆ. ನೀವಿರುವ ಊರುಗಳಲ್ಲಿ ಇವು ನಿಮ್ಮ ಕಿವಿಗೂ ಬಿದ್ದಿರುತ್ತವೆ. ಚೆನ್ನೈಯಲ್ಲಿರುವವರಿಗೆ 'ಮರುಂದು' ಔಷಧಿ ಅಂಗಡಿಯ ಪದ, 'ವೆಡಿಮರುಂದು' ಎಂದರೆ ಸಿಡಿಮದ್ದು. ನಮ್ಮ ಮದ್ದೂ ಹಾಗೇ, ಕೆಮ್ಮಿಗೂ ಅದೇ, ಕೋವಿಗೂ ಅದೇ. ಇಲ್ಲಿ ಮರಾಠಿಯಲ್ಲಿ 'ದಾರೂ' ಎಂದರೆ ಹೆಂಡ, 'ದಾರೂಗೋಳಾ' ಎಂದರೆ ಮದ್ದುಗುಂಡು, ಮೂಲದ ಪಾರ್ಸಿಯಲ್ಲಿ ದಾರೂ ಎಂದರೆ ಔಷಧಿ. ಹಿಂದಿ, ಮರಾಠಿಯವರೂ ಬಂದೂಕಿನಲ್ಲಿ ಕುದುರೆಯನ್ನೇ ಕಂಡರು, 'ಘೋಡಾ' ಅಂದರು. ಇಂಗ್ಲಿಷಿನವರು, ಜರ್ಮನರು ಕಂಡದ್ದು ಹುಂಜವನ್ನು. ಕಲ್ಲು ಕಚ್ಚಿಕೊಂಡು ತಲೆ ಬಗ್ಗಿಸಿ ಕುಕ್ಕುವ ಹುಂಜ.

ಬಂದೂಕಿನ ಮೂಲ ನೋಡಿದಾಗ ನಾನು ಎದ್ದು ನೀರು ಕುಡಿದೆ. ಅರಬ್ಬಿಯಲ್ಲಿ 'ಬುಂದುಕ್' ಎಂದರೆ ಒಂದು ಬಗೆಯ ಕಾಯಿ, ಚಾಕೊಲೇಟಿನಲ್ಲಿ ಹಾಕುತ್ತಾರಲ್ಲ ಆ ಹೇಝಲ್‌ನಟ್. ಅದರಂತೆ ದುಂಡಗಿರುವ ಗುಂಡಿಗೆ ಆ ಹೆಸರು ಬಂತು, ಗುಂಡು ಹಾರಿಸುವ ಸಾಧನಕ್ಕೆ ಗುಂಡಿನ ಹೆಸರು ಬಂತು. ಅಳಿಲು ತಿನ್ನುವ ಕಾಯಿಯ ಹೆಸರನ್ನೇ ಅಳಿಲಿಗೆ ಹೊಡೆಯುವ ವಸ್ತುವಿಗೆ ಇಟ್ಟುಕೊಂಡಿದ್ದೇವೆ.

ನಾನು ಅನುವಾದದಲ್ಲಿ ಬಂದೂಕು ಎಂದು ಬರೆದದ್ದನ್ನೆಲ್ಲ ಅಳಿಸಿ ಕೋವಿ ಎಂದು ಮಾಡಿದೆ. ಕೋವಿ ನಮ್ಮದು, ಮೊದಲಿಗೆ ಬರೀ ಕೊಳವೆ.

*

ಈಗ ಆಮೇಲೆ ಹೇಳುತ್ತೇನೆ ಎಂದದ್ದು.

1996, ದಸರಾ ರಜೆ. ನನಗೆ 9 ವರ್ಷ. ಮಳೆಯ ಜೋರು ಇಳಿದಿತ್ತು, ಪೂರ್ತಿ ಬಿಟ್ಟಿರಲಿಲ್ಲ. ಆಯುಧ ಪೂಜೆಗೆಂದು ಕತ್ತಿ, ಗುದ್ದಲಿ, ಹಾರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಪಕ್ಕ ಕೋವಿಯನ್ನೂ ಇಳಿಸಿದ್ದರು. ಮರುದಿನ ಅಪ್ಪ, ದೊಡ್ಡಪ್ಪ ಏಲಕ್ಕಿ ಹಕ್ಕಲಿಗೆ ಹೊರಟಾಗ ನಾನೂ ಹಿಂದೆ ಬಿದ್ದೆ. ಅಪ್ಪ ಮೇಷ್ಟ್ರು. ಸೊಳ್ಳೆ ಹೊಡೆದರೂ ಕೈ ತೊಳೆಯುವವರು.

ಮರದ ತುದಿಯಲ್ಲಿ ಕೆಂದಳಿಲಿತ್ತು. ಬೂದು ಅಳಿಲಿನ ಮೂರರಷ್ಟು ದೊಡ್ಡದು, ಬೆನ್ನು ಗಾಢ ಕೆಂಪು, ಹೊಟ್ಟೆ ಕೆನೆಬಣ್ಣ, ಮೈಗಿಂತ ಉದ್ದದ ಬಾಲ. ಎರಡು ಕೈಯಲ್ಲಿ ಏನೋ ಕಾಯಿ ಹಿಡಿದು ತಿನ್ನುತ್ತಿತ್ತು. ಚೂರುಗಳು ಏಲಕ್ಕಿ ಎಲೆಯ ಮೇಲೆ ಬೀಳುತ್ತಿದ್ದವು, ತಟ, ತಟ. ನನ್ನನ್ನು ಒಂದು ಮರದ ಹಿಂದೆ ನಿಲ್ಲಿಸಿ ಅಲುಗಬೇಡ ಅಂದರು. ಈಡು ಹಾರಿದ ಸದ್ದಿಗೆ ಕಣ್ಣು ಮುಚ್ಚಿದೆ. ತೆಗೆದರೆ ಬಿಳಿ ಹೊಗೆ. ಒದ್ದೆ ಗಾಳಿಯಲ್ಲಿ ಅದು ಮೇಲೆ ಹೋಗದೆ ಅಲ್ಲೇ ನಿಂತಿತ್ತು, ಕೊಳೆತ ಮೊಟ್ಟೆಯ ವಾಸನೆ. ಹೊಗೆಯ ಆಚೆ ಏನೋ ಕೊಂಬೆಯಿಂದ ಕೊಂಬೆಗೆ ಬಡಿದುಕೊಂಡು ಬಿತ್ತು. ಹೊಗೆ ಕರಗಿದಾಗ ಕೋವಿ ದೊಡ್ಡಪ್ಪನ ಕೈಯಲ್ಲಿತ್ತು.

ಅದು ಕೂಡಲೇ ಸಾಯಲಿಲ್ಲ. ಬೆರಳುಗಳು ಮಗುವಿನ ಕೈಯಂತೆ ಇದ್ದವು, ಮುಚ್ಚಿ ತೆಗೆದು ಮಾಡುತ್ತಿದ್ದವು. ರಾತ್ರಿ ಸಾರಾಯಿತು. ನಾನು ತಿಂದೆ. ರುಚಿಯಾಗಿತ್ತು, ಅದನ್ನೂ ಹೇಳಬೇಕು.

1972ರ ವನ್ಯಜೀವಿ ಕಾಯ್ದೆ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಕೋವಿಗಿದ್ದದ್ದು ಬೆಳೆ ಕಾಯುವ ಪರವಾನಗಿ, ಬೇಟೆಯದ್ದಲ್ಲ. ನಾವು ಮಾಡಿದ್ದು ಅಪರಾಧ. ಅಮೆರಿಕದ ಆ ಮನುಷ್ಯ ಇಷ್ಟು ನಿರಾಳವಾಗಿ ಬರೆಯಬಲ್ಲ, ಅವನ ಕಾನೂನು ಅವನ ಜೊತೆಗಿದೆ. ನಮ್ಮ ಕಡೆ ಶಿಕಾರಿ ಕಥೆಗಳನ್ನು ದನಿ ತಗ್ಗಿಸಿ ಹೇಳುತ್ತಾರೆ. ಪದಗಳು ದನಿ ತಗ್ಗಿಸಿ ತಗ್ಗಿಸಿಯೇ ನನ್ನ ಕಾಲಕ್ಕೆ ಮುಗಿದುಹೋಗಿರಬೇಕು.

ಮಹಾರಾಷ್ಟ್ರದ ರಾಜ್ಯಪ್ರಾಣಿ ಇದೇ ಕೆಂದಳಿಲು. ಇಲ್ಲಿ 'ಶೇಕರೂ' ಅನ್ನುತ್ತಾರೆ. ಪುಣೆಯಿಂದ ಭೀಮಾಶಂಕರಕ್ಕೆ ಅದನ್ನು ನೋಡಲೆಂದೇ ಹೋಗುತ್ತಾರೆ. ಗೆಳತಿಯರ ಜೊತೆ ನಾನೂ ಹೋಗಿದ್ದೆ. ಎಲ್ಲರೂ ಕ್ಯಾಮೆರಾ ಎತ್ತಿದಾಗ ನಾನು ಚಪ್ಪಲಿ ಪಟ್ಟಿ ಸರಿಮಾಡಿಕೊಳ್ಳುತ್ತಾ ಬಗ್ಗಿಯೇ ಇದ್ದೆ.

ಪಾಲಿನ ದಿನ ನಾಲ್ಕು ಜನರ ಎದುರು ನಾನು ದೊಡ್ಡಪ್ಪನಿಗೆ ಅಂದ ಮಾತು ಇದು: "ತಿನ್ನುತ್ತಾ ಕೂತ ಅಳಿಲಿಗೆ ಈಡು ಹೊಡೆದವರು ನೀವು. ನಿಮ್ಮಿಂದ ನ್ಯಾಯ ಎಲ್ಲಿ ಸಿಗ್ತದೆ?" ದೊಡ್ಡಪ್ಪ ಏನೂ ಹೇಳಲಿಲ್ಲ. ಎದ್ದು ಹೋದರು.

*

ಎರಡನೇ ಸಲ ಫೋನ್ ಮಾಡಿದ್ದು ನಾಲ್ಕನೇ ದಿನ. ಉಳಿದ ಪದ ಮುಗಿಸಿದ ಮೇಲೆ ಅವರೇ ಕೋವಿಯ ಸುದ್ದಿ ತೆಗೆದರು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಸಲವೂ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು, ಮತ್ತೆ ಹೋಗಿ ತಂದಿದ್ದರು. ಮಂಗಗಳಿಗೆ ಚುನಾವಣೆ ಇಲ್ಲವಲ್ಲ, ಆ ತಿಂಗಳುಗಳಲ್ಲೇ ತೋಟ ಹಾಳಾಗುತ್ತದೆ. ಕೊಡಗಿನವರಿಗಾದರೆ ಪರವಾನಗಿಯಿಂದಲೇ ವಿನಾಯಿತಿ ಇದೆ, ಬ್ರಿಟಿಷರ ಕಾಲದ್ದು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅವರು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸುತ್ತಾರೆ. ನಮ್ಮಂಥವರಿಗೆ ನವೀಕರಣದ ಅರ್ಜಿ, ಫೋಟೋ, ಡಾಕ್ಟರ ಸರ್ಟಿಫಿಕೇಟು.

"ನಂಗೆ ಎಪ್ಪತ್ತೆಂಟು. ಹುಡುಗ್ರಿಬ್ರೂ ಬೆಂಗಳೂರಲ್ಲಿ, ಬೇಡ ಅಂತಾರೆ. ನಿನ್ನ ಹೆಸರಿಗೆ ಮಾಡ್ಸಾಣ ಅಂದ್ರೆ ನೀನು ಪುಣೆ. ವಾಪಸು ಕೊಟ್ಟುಬಿಡ್ತೀನಿ."

ಆಗ ಕೇಳಿದೆ. ಯಾಕೆ ಕೇಳಿದೆನೋ, ತಪ್ಪು ಒಪ್ಪಿಕೊಳ್ಳಲೆಂದೇ ಇರಬೇಕು. "ದೊಡ್ಡಪ್ಪ, ಆ ಕೆಂದಳಿಲಿಗೆ ಹೊಡೆದಿದ್ರಲ್ಲ, ನಾನು ಬಂದಿದ್ದೆ..."

"ಅದು ನಾನಲ್ಲ ಕಣೇ. ನಿನ್ನಪ್ಪ."

ನಾನು ಸುಮ್ಮನಾದೆ.

"ಅವ್ನಿಗೊಂದು ಆಸೆ, ಒಂದ್ಸಲ ಹೊಡೀಬೇಕು ಅಂತ. ನಾನು ಮಸಿ ತುಂಬಿ ಕೊಟ್ಟೆ. ಹೊಡ್ದ. ಬಿದ್ದಿದ್ದು ನೋಡಿ ಕೋವಿ ನನ್ ಕೈಗೆ ತುರುಕಿ ಆಚೆ ಹೋಗಿ ವಾಂತಿ ಮಾಡ್ಕಂಡ. ಆಮೇಲೆ ಮುಟ್ಲಿಲ್ಲ."

ನಾನು ಹೊಗೆಯನ್ನಷ್ಟೇ ಕಂಡಿದ್ದೆ. ಹೊಗೆ ಹೋದ ಮೇಲೆ ಕೋವಿ ಯಾರ ಕೈಯಲ್ಲಿತ್ತೋ ಅವರೇ ಹೊಡೆದವರು ಎಂದು ಇಪ್ಪತ್ತೆಂಟು ವರ್ಷ ನಂಬಿದ್ದೆ. ಕರಿ ಮದ್ದಿನ ಈಡಿಗೆ ಅಷ್ಟು ಹೊಗೆ ಯಾಕೆಂದು ನಾನು ಅದೇ ಬೆಳಿಗ್ಗೆ ಅನುವಾದ ಮಾಡಿದ್ದೆ. 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗದೆ ಸಣ್ಣ ಸಣ್ಣ ಗಟ್ಟಿ ಕಣವಾಗಿ ಉಳಿಯುತ್ತದೆ, ಅದೇ ಹೊಗೆ. ಹೊಡೆದವನಿಗೇ ತನ್ನ ಗುರಿ ಏನಾಯಿತೆಂದು ಕಾಣುವುದಿಲ್ಲ.

"ಅವತ್ತು ಪಾಲಿನ ದಿನ ಯಾಕೆ ಹೇಳ್ಲಿಲ್ಲ?"

"ಸತ್ತವ್ನ ಮೇಲೆ ಎಂತಕ್ಕೆ ಹೇಳ್ಬೇಕಿತ್ತು? ನೀನು ಬೇರೆ ಅಳ್ತಾ ಇದ್ದೆ."

"ತಪ್ಪಾಯ್ತು ದೊಡ್ಡಪ್ಪ."

"ಆಯ್ತು ಬಿಡು. ಇನ್ನೆಷ್ಟು ಪದ ಉಳ್ದಾವೆ?"

ಉಳಿದಿರಲಿಲ್ಲ. ಒಂದೆರಡು ಇವೆ ಎಂದು ಸುಳ್ಳು ಹೇಳಿದೆ.

ಅಮ್ಮನನ್ನು ಕೇಳಿದೆ. "ನಾನು ಒಲೆ ಮುಂದಿದ್ದೆ. ಅವತ್ತು ನಿಮ್ಮಪ್ಪ ಊಟ ಮಾಡ್ಲಿಲ್ಲ, ಅಷ್ಟು ಗೊತ್ತು" ಅಂದರು. ಅಪ್ಪ ಅಲ್ಲಿ ಕೂತಿದ್ದರೋ ಇಲ್ಲವೋ ನನಗೆ ನೆನಪಿಲ್ಲ. ದೊಡ್ಡಪ್ಪ ಹೇಳಿದ್ದು ನಿಜ ಎಂದು ನನ್ನ ಮನಸ್ಸು ಹೇಳುತ್ತದೆ. ಅಪ್ಪನ ಕೈಗೆ ಕೋವಿ ಕೊಟ್ಟು ನೋಡಲು ಎಷ್ಟು ಪ್ರಯತ್ನಿಸಿದರೂ ಕಣ್ಣ ಮುಂದೆ ಬರುವುದು ಹೊಗೆಯೇ.

*

ಅನುವಾದ ಆರನೇ ದಿನ ಕಳಿಸಿದೆ. ವಾರದ ಮೇಲೆ ಪರಿಶೀಲಕರ ಟಿಪ್ಪಣಿಗಳ ಜೊತೆ ವಾಪಸು ಬಂತು. ಮಸಿ ಎಂಬ ಪದಕ್ಕೆ ಹನ್ನೊಂದು ಕಡೆ ಕೆಂಪು ಗುರುತು. 'ಮಸಿ ಎಂದರೆ ಇಂಕು, ತಪ್ಪು ಪದ, ಗನ್‌ಪೌಡರ್ ಎಂದು ಬದಲಿಸಿದೆ.' ಗಜಕ್ಕೆ: 'ಆನೆ? ಸಂದರ್ಭಕ್ಕೆ ಹೊಂದುವುದಿಲ್ಲ.' ಕುದುರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆ.

ನಾನು ಉದ್ದದ ಉತ್ತರ ಬರೆದೆ. ಕೊನೆಗೆ ಕೇಪು ಉಳಿಯಿತು, ಚರೆ ಉಳಿಯಿತು, ಉಳಿದವು ಹೋದವು. ಅವರದ್ದು ತಪ್ಪೆಂದು ಹೇಳಲಾರೆ. ಬೀದರಿನವರಿಗೂ ಚಾಮರಾಜನಗರದವರಿಗೂ ಅರ್ಥವಾಗಬೇಕು ಎನ್ನುವುದು ಅವರ ನಿಯಮ. ಮಸಿ ಎಂದರೆ ನಿಮಗೂ ಮೊದಲು ನೆನಪಾಗುವುದು ಇಂಕೇ ಇರಬಹುದು. ಮೂವತ್ತೊಂದು ಪದಗಳ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಈ ಮೇಲ್‌ಗೆ ಉತ್ತರಿಸಿ, ಕಳಿಸುತ್ತೇನೆ. ನಿಮ್ಮ ಕಡೆಯ ಪದಗಳಿದ್ದರೆ ಸೇರಿಸುತ್ತೇನೆ.

ಜನವರಿಯಲ್ಲಿ ಊರಿಗೆ ಹೋದೆ. ನಾಲ್ಕು ವರ್ಷದ ಮೇಲೆ ಆ ಮನೆಯ ಮೆಟ್ಟಿಲು ಹತ್ತಿದ್ದು. ದೊಡ್ಡಮ್ಮ ಏನೂ ಆಗದವರಂತೆ ಕಡುಬು ಬೇಯಿಸಿದ್ದರು. ಮಾರನೇ ದಿನ ಕೋವಿ ಒಪ್ಪಿಸುವುದೆಂದು ಆಗಲೇ ಅರ್ಜಿ ಬರೆದಿಟ್ಟಿದ್ದರು, ವಯಸ್ಸಾದ ಕಾರಣ ಪರವಾನಗಿ ಮುಂದುವರಿಸಲು ಇಚ್ಛೆಯಿಲ್ಲ ಎಂದು.

ಸಂಜೆ ದೊಡ್ಡಪ್ಪ ಬಚ್ಚಲ ಹಂಡೆಯಿಂದ ಬಿಸಿನೀರು ತೋಡಿಕೊಂಡು ಅಂಗಳದಲ್ಲಿ ಕೂತರು. ನಳಿಗೆಗೆ ನೀರು ಹೊಯ್ದರು, ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರು. ಮೊಲೆಯ ತೂತಿನಿಂದ ಕಪ್ಪು ನೀರು ಚಿಮ್ಮಿತು. ಮತ್ತೆ ಹೊಯ್ದರು. ನೀರು ತಿಳಿಯಾಗುವ ತನಕ ಹಾಗೇ ಮಾಡಿ, ಒಣಬಟ್ಟೆ ಆಡಿಸಿ, ಕೊಬ್ಬರಿ ಎಣ್ಣೆ ಸವರಿದರು.

"ನಾಳೆ ಕೊಡೋದಕ್ಕೆ ಇಷ್ಟು ಯಾಕೆ ದೊಡ್ಡಪ್ಪ?"

"ಮತ್ತೆ? ತುಕ್ಕು ಹಿಡ್ಸಿ ಕೊಡ್ತಾರಾ?"

ಠಾಣೆಯಲ್ಲಿ ಎರಡು ಗಂಟೆ ಹಿಡಿಯಿತು. ರೈಟರು ಪರವಾನಗಿ ಪುಸ್ತಕ ನೋಡಿಕೊಂಡು ರಸೀದಿ ಬರೆದರು: ಎಸ್‌ಬಿಎಂಎಲ್ ಗನ್, ಒಂದು. ಸಿಂಗಲ್ ಬ್ಯಾರಲ್, ಮಝಲ್ ಲೋಡಿಂಗ್. ಕೇಪು, ಮಸಿ ಏನಾದರೂ ಉಳಿದಿದೆಯಾ ಎಂದು ಕೇಳಿದರು. ಮಸಿ ಎಂದೇ ಕೇಳಿದರು. ಇಲ್ಲ ಎಂದರು ದೊಡ್ಡಪ್ಪ. ರಸೀದಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆವು. ಹೋಟೆಲಿನಲ್ಲಿ ಅವಲಕ್ಕಿ ತಿಂದು ಬಸ್ಸು ಹತ್ತಿದೆವು.

ಮನೆಗೆ ಬಂದಾಗ ಗಜ ಅಂಗಳದ ಕಟ್ಟೆಗೆ ಒರಗಿಕೊಂಡೇ ಇತ್ತು. ತೊಳೆದು ಬಿಸಿಲಿಗಿಟ್ಟವರು ಕೋವಿಗೆ ಸಿಕ್ಕಿಸಲು ಮರೆತಿದ್ದರು. ಮರೆತರೋ ಏನೋ, ನಾನು ಕೇಳಲಿಲ್ಲ. ಠಾಣೆಯವರೂ ಕೇಳಿರಲಿಲ್ಲ. ಈಗ ಅದು ನಡುಮನೆಯಲ್ಲಿ ಕೋವಿ ಇದ್ದ ಎರಡು ಗೂಟಗಳ ಮೇಲಿದೆ. ದೊಡ್ಡಮ್ಮ ಅದರ ಮೇಲೆ ಟವೆಲು ಒಣಗಿಸುತ್ತಾರೆ.